ರಿಮೋಟ್ ಮಾನಿಟರಿಂಗ್ ಮತ್ತು ಸೆನ್ಸರ್: ಕಲಿಕೆ ಎಲ್ಲಿಂದ ಶುರು ಮಾಡಬೇಕು?

ಮೂರನೇ_ಸೆಮ್:
ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್‌ನಲ್ಲಿ ನಮಗೆ ರಿಮೋಟ್ ಮಾನಿಟರಿಂಗ್ ಅಂತ ಹೊಸ ವಿಷಯ ಇದೆ. ಪುಸ್ತಕ ತೆರೆದರೆ ಮೊದಲ ಅಧ್ಯಾಯ ಪೂರ್ತಿ ವಿಂಗಡಣೆ. ಆಕ್ಟಿವ್, ಪ್ಯಾಸಿವ್, ಅನಲಾಗ್, ಡಿಜಿಟಲ್ ಅಂತ ಪಟ್ಟಿ ಮೇಲೆ ಪಟ್ಟಿ. ಬಾಯಿಪಾಠ ಮಾಡಿದರೆ ಪಾಸಾಗಬಹುದು, ಆದರೆ ಏನೂ ತಲೆಗೆ ಹತ್ತುತ್ತಿಲ್ಲ.

ಜೊತೆಗೆ ಒಂದು ಮಿನಿ ಪ್ರಾಜೆಕ್ಟ್. ಟ್ಯಾಂಕಿನ ನೀರಿನ ಮಟ್ಟ ಮತ್ತು ತಾಪಮಾನವನ್ನು ದೂರದಿಂದ ಫೋನಿನಲ್ಲಿ ನೋಡುವಂತಿರಬೇಕು. ನೀರೊಳಗೆ ಡಿಎಸ್18ಬಿ20 ಅನ್ನುವ ತಾಪಮಾನ ಸೆನ್ಸರ್ ಚಿಪ್ ಇಟ್ಟಿದ್ದೇವೆ, ಮುಚ್ಚಳದ ಕೆಳಗೆ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದ್ದೇವೆ, ಒಂದು ವೈಫೈ ಬೋರ್ಡ್ ಇದೆ. ಗ್ರಾಫ್ ಚೆನ್ನಾಗಿಯೇ ಬರುತ್ತಿದೆ. ಆದರೆ ಎರಡು ವಿಚಿತ್ರ. ತಾಪಮಾನ 28 ಡಿಗ್ರಿ ಆಸುಪಾಸಿನಲ್ಲಿರುವಾಗ ಒಮ್ಮೊಮ್ಮೆ ಸೀದಾ 85ಕ್ಕೆ ಹಾರಿ, ಮತ್ತೆ 28ಕ್ಕೆ ಬಂದು ಕೂರುತ್ತದೆ. ಇನ್ನೊಂದು, ಮಧ್ಯಾಹ್ನ ಯಾರೂ ನೀರು ತುಂಬಿಸದಿದ್ದರೂ ಮಟ್ಟ ಕೆಲವು ಸೆಂಟಿಮೀಟರ್ ಏರುತ್ತದೆ, ಸಂಜೆ ತಾನೇ ಇಳಿಯುತ್ತದೆ. ಕಾಲೇಜಿನಲ್ಲಿ ಕೇಳಿದರೆ "ಅದು ನಾಯ್ಸ್, ಸರಾಸರಿ ತೆಗೆದು ಹಾಕಿ" ಅಂದರು.

ಹೀಗಿದ್ದರೆ ನಾನು ನಿಜವಾಗಿ ಏನು ಓದಬೇಕು? ಯಾವುದು ಮೊದಲು, ಯಾವುದು ಆಮೇಲೆ?

ಕೋಡ್_ಮಾತ್ರ:
ಸೆನ್ಸರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲದಕ್ಕೂ ಲೈಬ್ರರಿ ಇದೆ. ಎಂಕ್ಯೂಟಿಟಿ (ಸಾಧನಗಳು ಸಂದೇಶ ಕಳಿಸುವ ವಿಧಾನ) ಕಲಿಯಿರಿ, ಒಂದು ಟೈಮ್ ಸೀರೀಸ್ ಡೇಟಾಬೇಸ್ (ಸಮಯದ ಜೊತೆ ಅಂಕಿ ಉಳಿಸುವಂಥದ್ದು) ಕಲಿಯಿರಿ, ಡ್ಯಾಶ್‌ಬೋರ್ಡ್ ಮಾಡಿ. ಕೆಲಸ ಸಿಗುವುದು ಅದಕ್ಕೇ.

ಅನಲಾಗ್_ಅಜ್ಜ:
85 ನಾಯ್ಸ್ ಅಲ್ಲ. ನಾಯ್ಸ್ ಆಗಿದ್ದರೆ ಒಮ್ಮೆ 31, ಒಮ್ಮೆ 26 ಅಂತ ಬರಬೇಕಿತ್ತು. ಪ್ರತಿ ಸಲವೂ ಕರಾರುವಾಕ್ಕಾಗಿ 85 ಬರುತ್ತಿದೆ ಅಂದರೆ ಅದು ಆ ಚಿಪ್ ಹೇಳುತ್ತಿರುವ ಮಾತು.

ಡಿಎಸ್18ಬಿ20ಗೆ ಕರೆಂಟ್ ಬಂದ ಕೂಡಲೇ ಅದರ ತಾಪಮಾನದ ರಿಜಿಸ್ಟರಿನಲ್ಲಿ ಮೊದಲೇ ಕೂತಿರುವ ಅಂಕಿ 85. ಅಳತೆ ಮುಗಿದ ಮೇಲೆ ಆ ಜಾಗಕ್ಕೆ ನಿಜವಾದ ಅಂಕಿ ಬರುತ್ತದೆ. 12 ಬಿಟ್ ಅಳತೆಗೆ ಅದು 750 ಮಿಲಿಸೆಕೆಂಡ್ ವರೆಗೂ ತೆಗೆದುಕೊಳ್ಳುತ್ತದೆ. ಚಿಪ್ ಎದ್ದ ತಕ್ಷಣ, ಅಳತೆ ಮುಗಿಯುವ ಮೊದಲೇ ನೀವು ಓದಿದರೆ 85 ಸಿಗುತ್ತದೆ. ಅಥವಾ ಅಳತೆಯ ನಡುವೆ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆದರೂ 85. ನಿಮ್ಮದು ಒಮ್ಮೊಮ್ಮೆ ಮಾತ್ರ ಬರುತ್ತಿದೆ, ಹಾಗಾಗಿ ನನ್ನ ಅನುಮಾನ ಎರಡನೆಯದರ ಮೇಲೆ. ವೈಫೈ ಸಂದೇಶ ಕಳಿಸುವ ಹೊತ್ತಿಗೆ ಬೋರ್ಡ್ ಜಾಸ್ತಿ ಕರೆಂಟ್ ಎಳೆಯುತ್ತದೆ. ತಂತಿ ಉದ್ದ ಇದ್ದು, ಸಪ್ಲೈ ಬಡಕಲಾಗಿದ್ದರೆ ಸೆನ್ಸರ್ ಕಡೆ ವೋಲ್ಟೇಜ್ ಬೀಳುತ್ತದೆ. ಅಳತೆ ಪೂರ್ತಿ ಮುಗಿದ ಮೇಲೆ ವೈಫೈ ಆನ್ ಮಾಡಿ ನೋಡಿ.

ಇದಕ್ಕೆ ಸರಾಸರಿ ತೆಗೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ನಾಲ್ಕು ಸಲ 28, ಒಂದು ಸಲ 85. ಸರಾಸರಿ 39.4. 85 ಅನ್ನು ನೋಡಿದವರಿಗೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತಿತ್ತು. 39.4 ನೋಡಿದವರು ನಂಬಿಬಿಡುತ್ತಾರೆ.

ಎಲ್ಲಿಂದ ಶುರು ಅಂತ ಕೇಳಿದ್ದೀರಲ್ಲ, ಇಲ್ಲಿಂದಲೇ. ಪರದೆ ಮೇಲೆ ಒಂದು ಅಂಕಿ ಕಂಡರೆ, ಈ ಅಂಕಿ ಹುಟ್ಟಬೇಕಾದರೆ ಹಿಂದೆ ಏನೇನು ಸರಿಯಾಗಿ ನಡೆದಿರಬೇಕು ಅಂತ ಹೇಳಲು ಬರಬೇಕು. ಹೋಗಿ ನೋಡೋಣ ಅಂದರೆ ಟ್ಯಾಂಕ್ ನಿಮ್ಮ ಮುಂದಿಲ್ಲ. ಇರುವುದು ಅಂಕಿ ಮಾತ್ರ.

ಕೋಡ್_ಮಾತ್ರ:
ಅಜ್ಜಾ, 85 ಬಂದರೆ ಬಿಸಾಕು ಅಂತ ಒಂದು ಸಾಲು ಕೋಡ್ ಬರೆದರೆ ಆಯಿತಲ್ಲ?

ಅನಲಾಗ್_ಅಜ್ಜ:
ಬಿಸಾಕಿ, ಆದರೆ ಎಷ್ಟು ಬಿಸಾಕಿದಿರಿ ಅಂತ ಎಣಿಸಿ, ಆ ಎಣಿಕೆಯನ್ನೂ ಕಳಿಸಿ. ದಿನಕ್ಕೆ ಒಂದೆರಡು ಇದ್ದದ್ದು ಐವತ್ತಾದರೆ ಎಲ್ಲೋ ಕನೆಕ್ಟರ್ ತುಕ್ಕು ಹಿಡಿಯುತ್ತಿದೆ ಅಂತ ಅರ್ಥ. ಸೆನ್ಸರ್ ಉತ್ತರವನ್ನೇ ಕೊಡದಿದ್ದರೆ ನೀವೆಲ್ಲ ಬಳಸುವ ಲೈಬ್ರರಿ ಮೈನಸ್ 127 ಕೊಡುತ್ತದೆ. ಅದು ಬೇರೆ ಕಾಯಿಲೆ. ಎರಡನ್ನೂ ಒಂದೇ ಡಬ್ಬಕ್ಕೆ ಹಾಕಬೇಡಿ. ಹಾಗೇ, 85 ಡಿಗ್ರಿ ನಿಜಕ್ಕೂ ಮುಟ್ಟಬಲ್ಲ ಬಾಯ್ಲರ್ ಆಗಿದ್ದರೆ ನಿಮ್ಮ ಒಂದು ಸಾಲು ಕೋಡ್ ನಿಜವಾದ ಅಂಕಿಯನ್ನೇ ಎಸೆಯುತ್ತದೆ.

ಪ್ಯಾನೆಲ್_ಮೇಷ್ಟ್ರು:
ಅಜ್ಜನ ಮಾತು ಸರಿ. ನಾನು ಪಾಠದ ಕಡೆಯಿಂದ ಹೇಳುತ್ತೇನೆ. ವಿಂಗಡಣೆಯ ಅಧ್ಯಾಯವನ್ನು ಪರೀಕ್ಷೆ ಹಿಂದಿನ ದಿನ ಓದಿಕೊಳ್ಳಿ, ಸಾಕು. ಒಂದೇ ಒಂದು ಅಳತೆಯನ್ನು ಹಿಡಿದು ತುದಿಯಿಂದ ತುದಿಗೆ ಹೋಗಿ. ನೀರಿನ ತಾಪಮಾನ ಸೆನ್ಸರಿನಲ್ಲಿ ಏನನ್ನು ಬದಲಾಯಿಸುತ್ತದೆ? ರೋಧವನ್ನೋ, ವೋಲ್ಟೇಜನ್ನೋ? ಅದು ತಂತಿಯಲ್ಲಿ ಬರುವಾಗ ಏನಾಗುತ್ತದೆ? ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಅದನ್ನು ಎಷ್ಟು ಮೆಟ್ಟಿಲಾಗಿ ಕತ್ತರಿಸುತ್ತದೆ? ಆಮೇಲೆ ರೇಡಿಯೋ, ಸರ್ವರ್, ಕೊನೆಗೆ ನೋಡುವ ಮನುಷ್ಯ. ತಪ್ಪು ಎಲ್ಲಿ ಬೇಕಾದರೂ ನುಸುಳಬಹುದು. ಮುಂದೆ ಇರುವವನು ಹಿಂದಿನವನ ತಪ್ಪನ್ನು ಸರಿ ಮಾಡಲಾರ.

ತಂತಿಯನ್ನೇ ತೆಗೆದುಕೊಳ್ಳಿ, ಪುಸ್ತಕಗಳು ಅದನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ಪಿಟಿ100 ಅಂದರೆ 0 ಡಿಗ್ರಿಯಲ್ಲಿ 100 ಓಮ್ ಇರುವ ಪ್ಲಾಟಿನಂ ತಾಪಮಾನ ಸೆನ್ಸರ್. ಪ್ರತಿ ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ, 100 ಡಿಗ್ರಿಗೆ 138.5 ಓಮ್. ಈಗ ಇದನ್ನು 50 ಮೀಟರ್ ದೂರದಲ್ಲಿಟ್ಟು, ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ಎರಡು ತಂತಿ ಎಳೆಯಿರಿ. ಹೋಗಿ ಬರುವ 100 ಮೀಟರ್ ತಾಮ್ರಕ್ಕೇ ಸುಮಾರು 3.4 ಓಮ್ ರೋಧ ಇದೆ. ಮೀಟರಿಗೆ ಎರಡೂ ಸೇರಿ ಕಾಣುತ್ತದೆ. 3.4 ಅನ್ನು 0.385ರಿಂದ ಭಾಗಿಸಿ. ಹತ್ತಿರ ಹತ್ತಿರ 9 ಡಿಗ್ರಿ ಸುಳ್ಳು! ಸೆನ್ಸರ್ ಚೆನ್ನಾಗಿದೆ, ಮೀಟರ್ ಚೆನ್ನಾಗಿದೆ, ಕೋಡೂ ಚೆನ್ನಾಗಿದೆ. ಆದರೂ 9 ಡಿಗ್ರಿ ಜಾಸ್ತಿ. ಮೂರು ತಂತಿ, ನಾಲ್ಕು ತಂತಿಯ ಜೋಡಣೆ ಹುಟ್ಟಿದ್ದೇ ಇದಕ್ಕೆ. ನಾಲ್ಕು ತಂತಿಯಲ್ಲಿ ಎರಡು ತಂತಿ ಕರೆಂಟ್ ಒಯ್ಯುತ್ತವೆ, ಇನ್ನೆರಡು ಸೆನ್ಸರಿನ ಮೇಲಿನ ವೋಲ್ಟೇಜನ್ನು ಮಾತ್ರ ನೋಡುತ್ತವೆ. ನೋಡುವ ತಂತಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಅದರ ರೋಧ ಲೆಕ್ಕಕ್ಕೆ ಬರುವುದಿಲ್ಲ.

ಕಾರ್ಖಾನೆಗಳಲ್ಲಿ ಇನ್ನೂ ಸುಲಭದ ದಾರಿ ಹಿಡಿದರು. ಸೆನ್ಸರ್ ಪಕ್ಕದಲ್ಲೇ ಟ್ರಾನ್ಸ್‌ಮಿಟರ್ ಇಟ್ಟು, ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುವುದು. ಒಂದೇ ಸುತ್ತಿನಲ್ಲಿ ಹರಿಯುವ ಕರೆಂಟ್ ಎಲ್ಲ ಕಡೆ ಒಂದೇ, ತಂತಿ ಉದ್ದ ಇದ್ದರೂ ಗಿಡ್ಡ ಇದ್ದರೂ. ಈ ಕಡೆ 250 ಓಮ್ ರೆಸಿಸ್ಟರ್ ಹಾಕಿದರೆ 1ರಿಂದ 5 ವೋಲ್ಟ್ ಸಿಗುತ್ತದೆ, ಅದನ್ನು ಎಡಿಸಿ ಓದುತ್ತದೆ.

ಮೂರನೇ_ಸೆಮ್:
ಮೇಷ್ಟ್ರೇ, ಒಂದು ಸಣ್ಣ ಪ್ರಶ್ನೆ. 0ಯಿಂದ 20 ಅಂತ ಇಟ್ಟಿದ್ದರೆ ಲೆಕ್ಕ ಸುಲಭ ಇರುತ್ತಿತ್ತಲ್ಲ? 4 ಯಾಕೆ? ಮತ್ತೆ ಎಲ್ಲ ಡಿಜಿಟಲ್ ಆಗಿರುವಾಗ ಇದನ್ನು ಕಲಿಯಬೇಕಾ?

ಸೋಲ್ಡರ್_ಸುಬ್ಬ:
ನಾನು ಹೇಳುತ್ತೇನೆ, ದಿನಾ ಇದರಲ್ಲೇ ಒದ್ದಾಡುವವನು. 0 ಅಂದರೆ ಟ್ಯಾಂಕ್ ಖಾಲಿ ಅಂತ ಇಟ್ಟುಕೊಳ್ಳಿ. ಇಲಿ ತಂತಿ ಕಡಿದರೂ 0. ಖಾಲಿಯೋ, ತಂತಿ ಹೋಗಿದೆಯೋ? ಗೊತ್ತಾಗುವುದಿಲ್ಲ. 4 ಅಂದರೆ ಖಾಲಿ ಅಂತಾದರೆ, 0 ಬಂದಾಗ ತಂತಿ ಹೋಗಿದೆ ಅಂತ ಕೂತಲ್ಲೇ ಗೊತ್ತು. 0ಯಿಂದ 5 ಮೀಟರ್ ಟ್ಯಾಂಕಿಗೆ 12 ಮಿಲಿಆಂಪಿಯರ್ ಬಂದರೆ ಎರಡೂವರೆ ಮೀಟರ್ ನೀರು. 3.6 ಅಥವಾ ಅದಕ್ಕಿಂತ ಕೆಳಗೆ, ಇಲ್ಲವೇ 21 ಅಥವಾ ಅದಕ್ಕಿಂತ ಮೇಲೆ ಹೋದರೆ ದೋಷ ಅಂತ ನಮೂರ್ ಸಂಸ್ಥೆಯ ಎನ್‌ಇ 43 ಶಿಫಾರಸು ಹೇಳುತ್ತದೆ. ತುಂಬಾ ಟ್ರಾನ್ಸ್‌ಮಿಟರ್‌ಗಳು ತಮ್ಮೊಳಗೆ ಏನಾದರೂ ಕೆಟ್ಟರೆ ಬೇಕಂತಲೇ ಕರೆಂಟನ್ನು ಅಲ್ಲಿಗೆ ಒಯ್ದು ನಿಲ್ಲಿಸುತ್ತವೆ.

ಇನ್ನೊಂದು ಲಾಭ, ಟ್ರಾನ್ಸ್‌ಮಿಟರ್ ಆ 4 ಮಿಲಿಆಂಪಿಯರ್ ಒಳಗೇ ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಬೇರೆ ಪವರ್ ತಂತಿ ಬೇಡ, ಎರಡೇ ತಂತಿ ಸಾಕು.

ಹಳೆಯದು ಅಂತ ಬಿಡಬೇಡಿ. ಸಾಧನಗಳು ತಂತಿ ಮೇಲೆ ಅಂಕಿ ಹಂಚಿಕೊಳ್ಳುವ ಮಾಡ್‌ಬಸ್ ಭಾಷೆ ಬಂದಿದ್ದು 1979ರಲ್ಲಿ, ಇವತ್ತಿಗೂ ಕಾರ್ಖಾನೆಗೆ ಹೊಸ ಎನರ್ಜಿ ಮೀಟರ್ ಕೊಂಡರೆ ಅದರಲ್ಲಿ ಹೆಚ್ಚಾಗಿ ಇರುತ್ತದೆ. ಅದು ಓಡುವ ಆರ್‌ಎಸ್485 ತಂತಿಯನ್ನು ನಿಧಾನ ವೇಗದಲ್ಲಿ 1200 ಮೀಟರ್ ತನಕ ಎಳೆಯಬಹುದು. ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕುವುದನ್ನು ಮಾತ್ರ ಮರೆಯಬೇಡಿ. ನಡುವಿನ ಪೆಟ್ಟಿಗೆಗಳಿಗೆಲ್ಲ 120 ಓಮ್ ಹಾಕಿಟ್ಟಿರುವ ಲೈನುಗಳನ್ನು ನೋಡಿ ನೋಡಿ ಸಾಕಾಗಿದೆ.

ಕೋಡ್_ಮಾತ್ರ:
ಸರಿ, ಆದರೆ ಎಂಕ್ಯೂಟಿಟಿ ಇಲ್ಲದೆ ಈಗ ಏನೂ ನಡೆಯಲ್ಲ ಅಲ್ವಾ?

ಅನಲಾಗ್_ಅಜ್ಜ:
ಎಂಕ್ಯೂಟಿಟಿ ಹುಟ್ಟಿದ್ದು ಯಾಕೆ ಅಂತ ಗೊತ್ತಾ? 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅದನ್ನು ಬರೆದದ್ದು ತೈಲದ ಪೈಪ್‌ಲೈನ್ ಮೇಲೆ ನಿಗಾ ಇಡಲು, ಸ್ಯಾಟಲೈಟ್ ಲಿಂಕ್ ಮೂಲಕ. ಲಿಂಕ್ ದುಬಾರಿ, ನಿಧಾನ, ಯಾವಾಗ ಬೇಕಾದರೂ ಕಡಿಯುವಂಥದ್ದು. ಅದಕ್ಕೇ ಅದರ ಹೆಡರ್ (ಪ್ರತಿ ಸಂದೇಶದ ಮುಂದೆ ಕೂರುವ ವಿವರ) ಅಷ್ಟು ಚಿಕ್ಕದು. ಅದಕ್ಕೇ ಅದರಲ್ಲಿ ಲಾಸ್ಟ್ ವಿಲ್ ಇದೆ. ಸಾಧನ ಹೇಳದೆ ಕೇಳದೆ ಮಾಯವಾದರೆ, ಅದು ಮೊದಲೇ ಬರೆದಿಟ್ಟ ಸಂದೇಶವನ್ನು ಬ್ರೋಕರ್ (ನಡುವೆ ಕೂತು ಸಂದೇಶ ಹಂಚುವ ಸರ್ವರ್) ಎಲ್ಲರಿಗೂ ಹಂಚುತ್ತದೆ. ಸುಬ್ಬ ಅವರು ಹೇಳಿದ 4 ಮಿಲಿಆಂಪಿಯರ್ ಮಾಡುವ ಕೆಲಸವೂ ಇದೇ ತಾನೇ? ಸುಮ್ಮನಿರುವುದಕ್ಕೂ ಸತ್ತಿರುವುದಕ್ಕೂ ವ್ಯತ್ಯಾಸ ತೋರಿಸುವುದು. ನೀವು ಎಂಕ್ಯೂಟಿಟಿ ಬಳಸುತ್ತೀರಿ ಸರಿ, ಲಾಸ್ಟ್ ವಿಲ್ ಇಟ್ಟಿದ್ದೀರಾ?

ಕೋಡ್_ಮಾತ್ರ:
ಇಲ್ಲ. ಇವತ್ತು ಇಡುತ್ತೇನೆ.

ಅನಲಾಗ್_ಅಜ್ಜ:
ಇಡಿ. ದೂರದಿಂದ ನೋಡುವುದೇನೂ ಹೊಸದಲ್ಲ ಬಿಡಿ. 1905ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವಿಜ್ಞಾನಿ ಐಂಟ್‌ಹೋವನ್ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಗಳ ಇಸಿಜಿಯನ್ನು ಟೆಲಿಫೋನ್ ತಂತಿಯಲ್ಲಿ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದರು. ಯಂತ್ರ ಅಷ್ಟು ಭಾರ, ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ.

ಮಳೆಮಾಪಕ:
ನಾನು ಸಿವಿಲ್ ಕಡೆಯವನು. ಮಟ್ಟ ಅಳೆಯುವ ವಿಷಯ ಬಂತಲ್ಲ, ಈ ಕತೆಯನ್ನು ಪ್ರತಿ ವಿದ್ಯಾರ್ಥಿಯೂ ಓದಬೇಕು.

ಅಮೆರಿಕದ ಮಿಸೌರಿಯಲ್ಲಿ ಟಾಮ್ ಸಾಕ್ ಅಂತ ಒಂದು ಪಂಪ್ಡ್ ಸ್ಟೋರೇಜ್ ವಿದ್ಯುತ್ ಸ್ಥಾವರ ಇದೆ. ಕರೆಂಟ್ ಬೇಡಿಕೆ ಕಡಿಮೆ ಇರುವಾಗ ಬೆಟ್ಟದ ಮೇಲಿನ ಜಲಾಶಯಕ್ಕೆ ನೀರು ಪಂಪ್ ಮಾಡುತ್ತಾರೆ, ಬೇಡಿಕೆ ಬಂದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುತ್ತಾರೆ. ಮೇಲೆ ಕಾವಲಿಗೆ ಯಾರೂ ಇಲ್ಲ, ಎಲ್ಲ ದೂರದಿಂದಲೇ. ನೀರಿನ ಮಟ್ಟ ಹೇಳಲು ಜಲಾಶಯದೊಳಗೆ ಪ್ರೆಶರ್ ಸೆನ್ಸರುಗಳು. ಮೇಲಿರುವ ನೀರು ಎಷ್ಟು ಒತ್ತುತ್ತದೆ ಅಂತ ನೋಡಿ ಮಟ್ಟ ಹೇಳುವಂಥವು. ಪ್ರತಿ ಮೀಟರ್ ನೀರಿಗೆ ಸುಮಾರು 9.8 ಕಿಲೋಪ್ಯಾಸ್ಕಲ್.

ಆ ಸೆನ್ಸರುಗಳನ್ನು ಹಿಡಿದಿಟ್ಟ ಪೈಪುಗಳ ಬಿಗಿತ ಸಡಿಲವಾಯಿತು. ಪೈಪು ಬಾಗಿತು, ಸೆನ್ಸರ್ ಮೇಲಕ್ಕೆ ಎದ್ದಿತು. ಸೆನ್ಸರ್ ಮೇಲೆದ್ದರೆ ಅದರ ತಲೆ ಮೇಲಿನ ನೀರು ಕಡಿಮೆ. ಹಾಗಾಗಿ ಜಲಾಶಯ ತುಂಬುತ್ತಿದ್ದರೂ ಅದು ಇನ್ನೂ ಜಾಗ ಇದೆ ಅನ್ನುತ್ತಿತ್ತು. ಸೆನ್ಸರ್ ಕೆಟ್ಟಿರಲಿಲ್ಲ ನೋಡಿ. ತಾನಿದ್ದ ಜಾಗದ ಒತ್ತಡವನ್ನು ಸರಿಯಾಗಿಯೇ ಹೇಳುತ್ತಿತ್ತು. ಜಾಗವೇ ಬದಲಾಗಿತ್ತು.

ತುಂಬಿ ಹರಿಯದಂತೆ ಕೊನೆಯ ರಕ್ಷಣೆಗೆ ಬೇರೆ ಪ್ರೋಬ್‌ಗಳೂ ಇದ್ದವು. ನೀರು ತಾಗಿದ ಕೂಡಲೇ ಪಂಪ್ ನಿಲ್ಲಬೇಕು. ಆದರೆ ಜಲಾಶಯದ ಅಂಚು ಎಲ್ಲ ಕಡೆ ಒಂದೇ ಎತ್ತರ ಇರಲಿಲ್ಲ, ಕೆಲವು ಕಡೆ ಕುಸಿದಿತ್ತು. ಪ್ರೋಬ್‌ಗಳು ಆ ತಗ್ಗಿಗಿಂತ ಎತ್ತರದಲ್ಲಿದ್ದವು. 2005ರ ಡಿಸೆಂಬರ್ 14ರ ಮುಂಜಾನೆ ನೀರು ತಗ್ಗಿನ ಕಡೆ ಅಂಚು ದಾಟಿ, ಕಟ್ಟೆಯನ್ನು ಕೊರೆದು ಒಡೆಯಿತು. ಸುಮಾರು ಅರ್ಧ ಗಂಟೆಯಲ್ಲಿ ಜಲಾಶಯ ಖಾಲಿ. ಕೆಳಗಿದ್ದ ಉದ್ಯಾನದ ಅಧಿಕಾರಿಯ ಮನೆ ಕೊಚ್ಚಿಹೋಯಿತು. ಕುಟುಂಬದವರು ಹೇಗೋ ಬದುಕಿಕೊಂಡರು, ಯಾರೂ ಸಾಯಲಿಲ್ಲ.

ಸೆನ್ಸರನ್ನು ಹಿಡಿದಿರುವ ಕ್ಲಾಂಪ್ ಕೂಡ ಅಳತೆಯ ಭಾಗ. ತಯಾರಕರು ಕೊಡುವ ಡೇಟಾಶೀಟಿನಲ್ಲಿ ಅದು ಇರುವುದಿಲ್ಲ. ಒಂದೇ ಕಂಬಕ್ಕೆ ಮೂರು ಸೆನ್ಸರ್ ಕಟ್ಟಿ "ಮೂರರಲ್ಲಿ ಎರಡು ಒಪ್ಪಿದರೆ ಸರಿ" ಅನ್ನುವವರನ್ನು ನೋಡಿದ್ದೇನೆ. ಕಂಬ ವಾಲಿದರೆ ಮೂರೂ ಸೇರಿ ಒಂದೇ ಸುಳ್ಳು ಹೇಳುತ್ತವೆ.

ಮೂರನೇ_ಸೆಮ್:
ಓದಿ ಗಾಬರಿಯಾಯಿತು. ಹಾಗಾದರೆ ನಮ್ಮ ಟ್ಯಾಂಕಿನಲ್ಲಿ ಮಧ್ಯಾಹ್ನ ನೀರು ಏರುವುದೂ ಹೀಗೇ ಏನಾದರೂ ಇರಬಹುದಾ? ಸೆನ್ಸರನ್ನು ಸ್ಕ್ರೂ ಹಾಕಿ ಗಟ್ಟಿಯಾಗಿ ಕೂರಿಸಿದ್ದೇವೆ.

ಮಳೆಮಾಪಕ:
ನಿಮ್ಮದು ಬಿಸಿಗಾಳಿಯ ಕೆಲಸ. ಕೋಡಿನಲ್ಲಿ ಶಬ್ದದ ವೇಗ ಎಷ್ಟು ಅಂತ ಬರೆದಿದ್ದೀರಿ?

ಮೂರನೇ_ಸೆಮ್:
ಸೆಕೆಂಡಿಗೆ 343 ಮೀಟರ್. ಉದಾಹರಣೆ ಕೋಡಿನಲ್ಲಿ ಹಾಗೇ ಇತ್ತು.

ಮಳೆಮಾಪಕ:
ಅದು ಸುಮಾರು 20 ಡಿಗ್ರಿ ಗಾಳಿಗೆ. ಶಬ್ದದ ವೇಗ ಅಂದಾಜು 331.3 ಕೂಡಿಸು 0.606 ಗುಣಿಸು ತಾಪಮಾನ. ಮುಚ್ಚಳದ ಕೆಳಗಿನ ಗಾಳಿ ಬಿಸಿಲಿಗೆ 40 ಡಿಗ್ರಿ ಆಯಿತು ಅಂದುಕೊಳ್ಳಿ, ವೇಗ 355.5. ನೀರು ಸೆನ್ಸರಿನಿಂದ 2 ಮೀಟರ್ ಕೆಳಗಿದ್ದರೆ ಪ್ರತಿಧ್ವನಿ 11.25 ಮಿಲಿಸೆಕೆಂಡಿಗೆ ವಾಪಸ್ ಬರುತ್ತದೆ. ನಿಮ್ಮ ಕೋಡ್ ಅದನ್ನು 343ರಿಂದ ಗುಣಿಸಿ ಎರಡರಿಂದ ಭಾಗಿಸಿ 1.93 ಮೀಟರ್ ಅನ್ನುತ್ತದೆ. 7 ಸೆಂಟಿಮೀಟರ್ ನೀರು ಬಿಟ್ಟಿಯಾಗಿ ಬಂತು! ಟ್ಯಾಂಕ್ ಖಾಲಿ ಇದ್ದಷ್ಟೂ ಈ ಸುಳ್ಳು ದೊಡ್ಡದು, ಯಾಕೆಂದರೆ ಶಬ್ದ ಹೋಗಬೇಕಾದ ದೂರ ಜಾಸ್ತಿ.

ನಿಮ್ಮ ಹತ್ತಿರ ಡಿಎಸ್18ಬಿ20 ಇದೆ, ಆದರೆ ಅದು ನೀರಿನಲ್ಲಿದೆ. ಶಬ್ದ ಹೋಗುವುದು ಗಾಳಿಯಲ್ಲಿ. ಇನ್ನೊಂದನ್ನು ಗಾಳಿಯ ಕಡೆ ಇಳಿಬಿಡಿ. ಅದೇ ಒಂದು ತಂತಿಗೆ ಇನ್ನೊಂದು ಸೇರಿಸಬಹುದು, ಪ್ರತಿ ಚಿಪ್ಪಿಗೂ 64 ಬಿಟ್‌ನ ತನ್ನದೇ ವಿಳಾಸ ಇರುತ್ತದೆ.

ಇಷ್ಟಾದರೂ ಪೂರ್ತಿ ಸರಿ ಹೋಗದಿರಬಹುದು. ಮೇಲಿನ ಗಾಳಿ ಬಿಸಿ, ನೀರಿನ ಹತ್ತಿರದ್ದು ತಂಪು. ಬೆಳಿಗ್ಗೆ ಸೆನ್ಸರಿನ ಮುಖದ ಮೇಲೆ ನೀರಹನಿ ಕೂರುತ್ತದೆ. ಶಬ್ದ ನೇರ ಗೆರೆಯಂತೆ ಹೋಗದೆ ಅಗಲವಾಗಿ ಹರಡುತ್ತದೆ, ಗೋಡೆಗೆ ಹತ್ತಿರ ಇಟ್ಟರೆ ಗೋಡೆಯನ್ನೇ ನೀರು ಅನ್ನುತ್ತದೆ. ನಿಮ್ಮ ಅಲ್ಟ್ರಾಸಾನಿಕ್ ಸೆನ್ಸರ್ ಎಚ್‌ಸಿ-ಎಸ್‌ಆರ್04 ಆಗಿದ್ದರೆ 2 ಸೆಂಟಿಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣುವುದೂ ಇಲ್ಲ.

ಸೋಲ್ಡರ್_ಸುಬ್ಬ:
ಅದಕ್ಕೇ ನಾನು ಪ್ರೆಶರ್ ಸೆನ್ಸರ್ ಪಕ್ಷ. ತಳಕ್ಕೆ ಇಳಿಬಿಟ್ಟರೆ ಆಯಿತು.

ಮಳೆಮಾಪಕ:
ಅದಕ್ಕೂ ಅದರದ್ದೇ ತಲೆನೋವು ಇದೆ ಸುಬ್ಬ ಅವರೇ. ನೀರಿನ ಮೇಲೆ ಗಾಳಿಯೂ ಒತ್ತುತ್ತಿದೆ. ಹವಾಮಾನ ಬದಲಾಗಿ ಗಾಳಿಯ ಒತ್ತಡ 1 ಕಿಲೋಪ್ಯಾಸ್ಕಲ್ ಇಳಿದರೆ 10 ಸೆಂಟಿಮೀಟರ್ ನೀರು ಕಾಣೆಯಾದಂತೆ ತೋರುತ್ತದೆ. ಕೇಬಲ್ ಒಳಗೆ ಸಣ್ಣ ಗಾಳಿಕೊಳವೆ ಇರುವುದು ಇದಕ್ಕೇ, ಸೆನ್ಸರಿನ ಹಿಂಬದಿಗೂ ಹೊರಗಿನ ಗಾಳಿ ತಾಗಲಿ ಅಂತ. ಆ ಕೊಳವೆಯ ಬಾಯಿಯನ್ನು ಚೆನ್ನಾಗಿರಲಿ ಅಂತ ಸಿಲಿಕಾನ್ ಹಚ್ಚಿ ಮುಚ್ಚಿದವರನ್ನೂ ನೋಡಿದ್ದೇನೆ.

ಬ್ಯಾಟರಿ_ಲೋ:
ಎಲ್ಲ ಸರಿ, ಪವರ್ ಬಗ್ಗೆ ಯಾರೂ ಮಾತಾಡಲಿಲ್ಲ! ದೂರದ ಸಾಧನ ಅಂದರೆ ಮುಕ್ಕಾಲು ಪಾಲು ಬ್ಯಾಟರಿ ಲೆಕ್ಕವೇ.

2000 ಮಿಲಿಆಂಪಿಯರ್-ಅವರ್ ಬ್ಯಾಟರಿ ಇದೆ ಅನ್ನಿ. ಬೋರ್ಡ್ 15 ನಿಮಿಷಕ್ಕೊಮ್ಮೆ ಎದ್ದು, 5 ಸೆಕೆಂಡ್ 100 ಮಿಲಿಆಂಪಿಯರ್ ಎಳೆದು, ಮತ್ತೆ ಮಲಗುತ್ತದೆ. 900 ಸೆಕೆಂಡಿನಲ್ಲಿ 5 ಸೆಕೆಂಡ್, ಸರಾಸರಿ 0.56 ಮಿಲಿಆಂಪಿಯರ್. ಮಲಗಿದಾಗ 10 ಮೈಕ್ರೋಆಂಪಿಯರ್, ಅದು ನಗಣ್ಯ. ಕಾಗದದ ಮೇಲೆ 147 ದಿನ ಬರಬೇಕು. ಆದರೆ ನಿಮ್ಮ ಕೈಯಲ್ಲಿರುವುದು ಡೆವಲಪ್‌ಮೆಂಟ್ ಬೋರ್ಡ್. ಅದರಲ್ಲಿ ಕೆಂಪು ಎಲ್‌ಇಡಿ ಸದಾ ಉರಿಯುತ್ತದೆ, ರೆಗ್ಯುಲೇಟರ್ ತನ್ನ ಪಾಲು ತಿನ್ನುತ್ತದೆ. ಎರಡೂ ಸೇರಿ 5 ಮಿಲಿಆಂಪಿಯರ್ ಆದರೆ 15 ದಿನಕ್ಕೇ ಕತೆ ಮುಗಿಯಿತು. ಚಿಪ್ ಎಷ್ಟು ಗಾಢವಾಗಿ ಮಲಗಿದರೇನು?

ಇನ್ನೊಂದು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ವೈಫೈ ರೂಟರ್ ಆಫ್ ಆದಾಗ ಬೋರ್ಡ್ ಏನು ಮಾಡುತ್ತದೆ? ಉದಾಹರಣೆ ಕೋಡುಗಳಲ್ಲಿ "ಕನೆಕ್ಟ್ ಆಗುವ ತನಕ ಕಾಯಿ" ಅಂತ ಒಂದು ಲೂಪ್ ಇರುತ್ತದೆ. ರೂಟರ್ ಒಂದು ರಾತ್ರಿ ಇಲ್ಲದಿದ್ದರೆ ಬೋರ್ಡ್ ರಾತ್ರಿಯಿಡೀ 100 ಮಿಲಿಆಂಪಿಯರ್ ಎಳೆಯುತ್ತಾ ಎದ್ದೇ ಇರುತ್ತದೆ. 20 ಗಂಟೆಗೆ ಬ್ಯಾಟರಿ ಪೂರ್ತಿ ಖಾಲಿ. ಕೆಟ್ಟದ್ದು ರೂಟರ್, ಸತ್ತದ್ದು ಸೆನ್ಸರ್. ಹತ್ತು ಸೆಕೆಂಡ್ ನೋಡಿ, ಆಗದಿದ್ದರೆ ಅಳತೆಯನ್ನು ಒಳಗೇ ಉಳಿಸಿಕೊಂಡು ಮಲಗಿಬಿಡಲಿ.

ಮೂರನೇ_ಸೆಮ್:
15 ನಿಮಿಷಕ್ಕೊಮ್ಮೆ ಅಳೆದರೆ ಸಾಕಾ? ನಾವು ಎರಡು ಸೆಕೆಂಡಿಗೊಮ್ಮೆ ಅಳೆಯುತ್ತಿದ್ದೇವೆ. ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಪ್ಯಾನೆಲ್_ಮೇಷ್ಟ್ರು:
ಅಳೆಯುವ ವಸ್ತು ಎಷ್ಟು ಬೇಗ ಬದಲಾಗುತ್ತದೆ ಅನ್ನುವುದು ಮುಖ್ಯ. ಟ್ಯಾಂಕಿನ ನೀರಿನ ತಾಪಮಾನ ಎರಡು ಸೆಕೆಂಡಿನಲ್ಲಿ ಎಲ್ಲಿಗೆ ಓಡಿಹೋಗುತ್ತದೆ? 15 ನಿಮಿಷ ಧಾರಾಳ. ಮಟ್ಟಕ್ಕೆ ಅಷ್ಟು ಸಾಲದು, ಪಂಪ್ ಓಡುವಾಗ ನಿಮಿಷಕ್ಕೊಮ್ಮೆಯಾದರೂ ನೋಡಿ. ಆದರೆ ಮೋಟಾರಿನ ಕಂಪನ ಅಳೆಯುವಾಗ ಲೆಕ್ಕ ಬೇರೆಯೇ. ನಿಮಿಷಕ್ಕೆ 1500 ಸುತ್ತು ಅಂದರೆ ಸೆಕೆಂಡಿಗೆ 25. ಸೆಕೆಂಡಿಗೆ 24 ಸಲ ಅಳೆದರೆ ಗ್ರಾಫಿನಲ್ಲಿ ಸೆಕೆಂಡಿಗೆ ಒಂದೇ ಸಲ ಏರಿಳಿಯುವ ಸುಂದರವಾದ ಅಲೆ ಕಾಣುತ್ತದೆ. ಅಂಥ ಅಲೆ ಮೋಟಾರಿನಲ್ಲಿ ಇಲ್ಲವೇ ಇಲ್ಲ. ಅಲಿಯಾಸಿಂಗ್ ಅಂದರೆ ಇದೇ. ಸಿಗ್ನಲ್‌ನಲ್ಲಿರುವ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಅಳೆಯಬೇಕು. ಒಮ್ಮೆ ಸುಳ್ಳು ಅಲೆ ಡೇಟಾದೊಳಗೆ ಬಂತೆಂದರೆ ಯಾವ ಸಾಫ್ಟ್‌ವೇರೂ ಅದನ್ನು ಹೊರಗೆ ತೆಗೆಯಲಾರದು. ಅದಕ್ಕೇ ಫಿಲ್ಟರನ್ನು ಎಡಿಸಿಗಿಂತ ಮೊದಲು ಇಡುತ್ತಾರೆ.

ಮೂರನೇ_ಸೆಮ್:
ಅರ್ಥವಾಯಿತು. ಇನ್ನೊಂದು ಅನುಮಾನ. ನಮ್ಮ ಸೆನ್ಸರ್ 0.0625 ಡಿಗ್ರಿ ತನಕ ತೋರಿಸುತ್ತದೆ. ವರದಿಯಲ್ಲಿ "ನಿಖರತೆ 0.0625 ಡಿಗ್ರಿ" ಅಂತ ಬರೆಯಬಹುದಾ?

ಅನಲಾಗ್_ಅಜ್ಜ:
ಬೇಡ! ಅದು ರೆಸಲ್ಯೂಷನ್, ತೋರಿಸಬಲ್ಲ ಅತಿ ಸಣ್ಣ ಮೆಟ್ಟಿಲು. ಅದೇ ಚಿಪ್ಪಿನ ಡೇಟಾಶೀಟ್ ಹೇಳುವ ನಿಖರತೆ ಮೈನಸ್ 10ರಿಂದ 85 ಡಿಗ್ರಿ ನಡುವೆ ಅರ್ಧ ಡಿಗ್ರಿ ಆಚೀಚೆ. 28.0625 ಅಂತ ತೋರಿಸಿದರೆ ನಿಜ 27.6 ಇರಬಹುದು, 28.5 ಇರಬಹುದು. ನಿಮ್ಮ ವೈವಾದಲ್ಲಿ ಇದನ್ನು ಖಂಡಿತ ಕೇಳುತ್ತಾರೆ.

ಅನಲಾಗ್ ಸೆನ್ಸರಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಎಲ್‌ಎಂ35 ಅನ್ನುವ ತಾಪಮಾನ ಸೆನ್ಸರ್ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 10 ಬಿಟ್ ಎಡಿಸಿ 5 ವೋಲ್ಟನ್ನು 1024 ಮೆಟ್ಟಿಲು ಮಾಡುತ್ತದೆ, ಮೆಟ್ಟಿಲಿಗೆ ಸುಮಾರು 4.9 ಮಿಲಿವೋಲ್ಟ್. ಅಂದರೆ ಹತ್ತಿರ ಹತ್ತಿರ ಅರ್ಧ ಡಿಗ್ರಿಗೊಂದು ಮೆಟ್ಟಿಲು. ಪರದೆ ಮೇಲೆ ನೀವು ನಾಲ್ಕು ದಶಮಾಂಶ ಬರೆದರೂ ಅಷ್ಟೇ. ಎಡಿಸಿ ಅಳತೆಗೋಲಾಗಿ ಬಳಸುವ ಆ ರೆಫರೆನ್ಸ್ ವೋಲ್ಟೇಜನ್ನು 1.1 ವೋಲ್ಟಿಗೆ ಇಳಿಸಿದರೆ ಮೆಟ್ಟಿಲು 0.1 ಡಿಗ್ರಿಗೆ ಬರುತ್ತದೆ, ಆದರೆ 110 ಡಿಗ್ರಿಗಿಂತ ಮೇಲೆ ಓದಲಾಗದು. ಆ 5 ವೋಲ್ಟ್ ಯುಎಸ್‌ಬಿಯಿಂದ ಬರುತ್ತಿದ್ದರಂತೂ ಅದು ನಿಜಕ್ಕೂ 4.8 ಇರಬಹುದು. ಆಗ ಎಲ್ಲ ಅಂಕಿಯೂ ಶೇಕಡಾ 4ರಷ್ಟು ಜಾಸ್ತಿ ತೋರಿಸುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ, ಕಲಕಿ, ಸೆನ್ಸರ್ ಮುಳುಗಿಸಿ. 0 ಡಿಗ್ರಿ ಸಿಗಬೇಕು. ಕುದಿಯುವ ನೀರನ್ನು ಮಾತ್ರ ಕಣ್ಣು ಮುಚ್ಚಿ 100 ಅನ್ನಬೇಡಿ. ಸಮುದ್ರಮಟ್ಟದಿಂದ ಮೇಲೇರಿದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ.

ಮೂರನೇ_ಸೆಮ್:
ಈಗ ಪಂಪನ್ನೂ ಫೋನಿನಿಂದ ಆನ್ ಮಾಡುವಂತೆ ಮಾಡೋಣ ಅಂತ ನಮ್ಮ ತಂಡದವರು ಹೇಳುತ್ತಿದ್ದಾರೆ. ಬಟನ್ ಒತ್ತಿದರೆ ರಿಲೇ (ಬೋರ್ಡ್ ಒತ್ತುವ ವಿದ್ಯುತ್ ಸ್ವಿಚ್) ಆನ್, ಪರದೆ ಮೇಲೆ "ಪಂಪ್ ಓಡುತ್ತಿದೆ" ಅಂತ ಹಸಿರು ಬಣ್ಣ.

ಪ್ಯಾನೆಲ್_ಮೇಷ್ಟ್ರು:
ಆ ಹಸಿರು ಬಣ್ಣ ಏನನ್ನು ನೋಡಿ ಬರುತ್ತದೆ? ನೀವು ಕೊಟ್ಟ ಆಜ್ಞೆಯನ್ನೋ, ಪಂಪನ್ನೋ?

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಇದೇ ಆಗಿದ್ದು. ಒತ್ತಡ ಇಳಿಸುವ ಒಂದು ವಾಲ್ವ್ ತೆರೆದುಕೊಂಡು ಮುಚ್ಚದೆ ಸಿಕ್ಕಿಹಾಕಿಕೊಂಡಿತ್ತು. ಕಂಟ್ರೋಲ್ ರೂಮಿನ ದೀಪ ಆರಿತ್ತು. ಆರಿದ್ದರೆ ವಾಲ್ವ್ ಮುಚ್ಚಿದೆ ಅಂತ ಆಪರೇಟರುಗಳು ತಿಳಿದರು. ಆದರೆ ಆ ದೀಪ ತೋರಿಸುತ್ತಿದ್ದದ್ದು ವಾಲ್ವಿನ ಸೊಲೆನಾಯ್ಡಿಗೆ (ಅದನ್ನು ತೆರೆಯುವ ವಿದ್ಯುತ್ ಸುರುಳಿಗೆ) ಕರೆಂಟ್ ಇದೆಯೋ ಇಲ್ಲವೋ ಅಂತ ಮಾತ್ರ. ಮುಚ್ಚು ಅಂತ ಹೇಳಿದ್ದು ನಿಜ, ಮುಚ್ಚಿದ್ದು ನಿಜವಲ್ಲ. ಎರಡು ಗಂಟೆಗೂ ಜಾಸ್ತಿ ಹೊತ್ತು ರಿಯಾಕ್ಟರನ್ನು ತಂಪಾಗಿಡುವ ನೀರು ಸೋರಿತು, ಒಳಗಿನ ಇಂಧನದ ದೊಡ್ಡ ಭಾಗ ಕರಗಿತು.

ನಿಮ್ಮ ಪಂಪಿನ ತಂತಿಗೆ ಒಂದು ಕರೆಂಟ್ ಸೆನ್ಸರ್ ಹಾಕಿ. ಇನ್ನೂ ಒಳ್ಳೆಯದು, ಪೈಪಿಗೆ ಫ್ಲೋ ಸೆನ್ಸರ್. ಮೋಟಾರ್ ಓಡುತ್ತಿದ್ದು ನೀರು ಬಾರದೆಯೂ ಇರಬಹುದು. ಪರದೆಯಲ್ಲಿ ಎರಡು ಸಾಲು ಇರಲಿ, "ಆನ್ ಮಾಡಲು ಹೇಳಿದೆ" ಮತ್ತು "ನೀರು ಹರಿಯುತ್ತಿದೆ". ಹೇಳಿ ಅರ್ಧ ನಿಮಿಷವಾದರೂ ಎರಡನೆಯದು ಬರದಿದ್ದರೆ ಅಲಾರಂ ಹೊಡೆಯಲಿ. ಇನ್ನು ಲಿಂಕ್ ಕಡಿದರೆ ಪಂಪ್ ತಾನೇ ನಿಲ್ಲಬೇಕು. ಆ ನಿರ್ಧಾರ ಬೋರ್ಡಿನಲ್ಲೇ ಇರಲಿ, ಸರ್ವರಿನಲ್ಲಿ ಬೇಡ.

ಸೋಲ್ಡರ್_ಸುಬ್ಬ:
ಅಲಾರಂಗೆ ಹಿಸ್ಟರಿಸಿಸ್ ಇಡಿ. ಶೇಕಡಾ 20ಕ್ಕೆ ಇಳಿದರೆ ಅಲಾರಂ, 25ಕ್ಕೆ ಏರಿದ ಮೇಲೆ ಮಾತ್ರ ಬಂದ್. ಇಲ್ಲದಿದ್ದರೆ ಅಲೆ ಎದ್ದಾಗಲೆಲ್ಲ 19, 20, 19, 20 ಅಂತ ರಾತ್ರಿಯಿಡೀ ಫೋನ್ ಬಡಿದುಕೊಳ್ಳುತ್ತದೆ. ಮೂರನೇ ದಿನ ಯಾರೋ ಒಬ್ಬರು ಅದನ್ನು ಮ್ಯೂಟ್ ಮಾಡಿಡುತ್ತಾರೆ, ಗ್ಯಾರಂಟಿ.

ಮೂರನೇ_ಸೆಮ್:
ಕೊನೆಯದಾಗಿ ಇದೊಂದು. ಅಜ್ಜ ಹೇಳಿದ ಹಾಗೆ ಮೊದಲು ಅಳತೆ, ಆಮೇಲೆ ವೈಫೈ ಅಂತ ಬದಲಾಯಿಸಿದೆವು, ನಿನ್ನೆಯಿಂದ 85 ಬಂದಿಲ್ಲ. ಲಿಂಕ್ ಇಲ್ಲದಾಗ ಅಳತೆ ಉಳಿಸಿಕೊಂಡು ಆಮೇಲೆ ಕಳಿಸುವುದನ್ನೂ ಬರೆದೆವು. ಈಗ ಗ್ರಾಫಿನಲ್ಲಿ ಕೆಲವು ಗಂಟೆ ಏನೂ ಇರುವುದಿಲ್ಲ, ಆಮೇಲೆ ಒಂದೇ ನಿಮಿಷದಲ್ಲಿ ಉದ್ದಕ್ಕೆ ಗೋಡೆಯಂತೆ ಒಂದು ಗೆರೆ ಏಳುತ್ತದೆ.

ಕೋಡ್_ಮಾತ್ರ:
ಇದು ನನ್ನ ಏರಿಯಾ. ನಿಮ್ಮ ಸರ್ವರ್ ಸಂದೇಶ ಬಂದ ಸಮಯವನ್ನೇ ಅಳತೆಯ ಸಮಯ ಅಂತ ಬರೆದುಕೊಳ್ಳುತ್ತಿದೆ. ಉಳಿಸಿಟ್ಟ ಅಳತೆಯೆಲ್ಲ ಒಟ್ಟಿಗೆ ಬಂದಾಗ ಎಲ್ಲಕ್ಕೂ ಒಂದೇ ಸಮಯ ಬೀಳುತ್ತದೆ. ಡೇಟಾಬೇಸಿನಲ್ಲಿ ಎರಡು ಕಾಲಂ ಇಡಿ. ಒಂದು, ಬೋರ್ಡ್ ಅಳೆದಾಗಿನ ಸಮಯ, ಯುಟಿಸಿಯಲ್ಲಿ (ಜಾಗತಿಕ ಸಮಯ). ಇನ್ನೊಂದು, ಸರ್ವರಿಗೆ ತಲುಪಿದ ಸಮಯ. ಗ್ರಾಫ್ ಮೊದಲನೆಯದರ ಮೇಲೆ ಬರೆಯಿರಿ. ಎರಡರ ನಡುವಿನ ಅಂತರವನ್ನು ಬೇರೆ ಗ್ರಾಫ್ ಮಾಡಿ, ಲಿಂಕ್ ಯಾವಾಗ ಕಡಿದಿತ್ತು ಅಂತ ಅದೇ ಹೇಳುತ್ತದೆ.

ಬೋರ್ಡಿನ ಗಡಿಯಾರವನ್ನೂ ಪೂರ್ತಿ ನಂಬಬೇಡಿ. 20 ಪಿಪಿಎಂ (ಹತ್ತು ಲಕ್ಷಕ್ಕೆ 20) ತಪ್ಪುವ ಕ್ರಿಸ್ಟಲ್ ಆದರೆ ದಿನಕ್ಕೆ 1.7 ಸೆಕೆಂಡ್ ತನಕ, ತಿಂಗಳಿಗೆ ಹತ್ತಿರ ಹತ್ತಿರ ಒಂದು ನಿಮಿಷ ಸರಿಯಬಹುದು. ವೈಫೈ ಸಿಕ್ಕಾಗ ದಿನಕ್ಕೊಮ್ಮೆ ಎನ್‌ಟಿಪಿಯಿಂದ (ಇಂಟರ್ನೆಟ್ಟಿನಲ್ಲಿ ಸಮಯ ಹೇಳುವ ಸೇವೆ) ಸರಿ ಮಾಡಿಕೊಳ್ಳಲಿ. ಬೋರ್ಡ್ ರೀಸೆಟ್ ಆಗಿ ಇನ್ನೂ ಸಮಯ ಗೊತ್ತಿಲ್ಲದಿದ್ದರೆ ಅದು ತನ್ನ ಎಣಿಕೆ ಶುರುವಾಗುವ 1970ರ ಜನವರಿ 1 ಅಂತ ಕಳಿಸುತ್ತದೆ. ಅಂಥದ್ದನ್ನು ಎಸೆಯಬೇಡಿ, "ಸಮಯ ಗೊತ್ತಿಲ್ಲ" ಅಂತ ಗುರುತು ಹಾಕಿ ಇಟ್ಟುಕೊಳ್ಳಿ, ಮತ್ತೆ ಅಂಥವು ಎಷ್ಟು ಬಂದವು ಅಂತ ಎಣಿಸಿ.

ಅನಲಾಗ್_ಅಜ್ಜ:
ಭೇಷ್. ಎಣಿಕೆಗೂ ಒಂದು ಅಲಾರಂ ಇರಲಿ.